ಕಾಂತಾರದಲ್ಲಿ ಸೊಪ್ಪಿನ ಹೊರೆ ಕಾಣಲಿಲ್ಲ

ಕಾಂತಾರ ಸಿನಿಮಾವನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲ ಸಲ 2022ರ ಅಕ್ಟೋಬರಿನಲ್ಲಿ, ಬೆಂಗಳೂರಿನ ಮಾಲ್ ಒಂದರಲ್ಲಿ, ಆಫೀಸಿನವರ ಜೊತೆ. ಅವರಲ್ಲಿ ಅರ್ಧ ಜನಕ್ಕೆ ಕನ್ನಡವೇ ಬರುವುದಿಲ್ಲ, ಉಳಿದರ್ಧ ಜನ ನಮ್ಮ ಕರಾವಳಿ ಕನ್ನಡ ಕೇಳಿ ಸಬ್‌ಟೈಟಲ್ ಓದುತ್ತಿದ್ದರು. ಹೊರಗೆ ಬಂದಾಗ "ನಿಮ್ಮೂರಲ್ಲಿ ಹೀಗೇನಾ?" ಅಂತ ಕೇಳಿದರು. ಹೌದು, ಹೀಗೇ ಅಂದೆ. ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. ರಿಷಬ್ ಶೆಟ್ಟಿಯವರ ಕೆರಾಡಿ ನಮ್ಮ ಕುಂದಾಪುರ ತಾಲೂಕು, ಶೂಟಿಂಗ್ ಆದದ್ದೂ ಅಲ್ಲೇ. ಹದಿನೈದು ವರ್ಷದಿಂದ "ಕುಂದಾಪುರ ಅಂದ್ರೆ ಎಲ್ಲಿ? ಮಂಗಳೂರ ಹತ್ರನಾ?" ಅಂತ ಕೇಳಿಸಿಕೊಂಡವನಿಗೆ ಅದೊಂದು ಹಬ್ಬ.

ಎರಡನೇ ಸಲ ಊರಿಗೆ ಹೋದಾಗ ಅಮ್ಮ, ಚಿಕ್ಕಮ್ಮ ಇಬ್ಬರನ್ನೂ ಕರ್ಕೊಂಡು ಕುಂದಾಪುರದಲ್ಲಿ ನೋಡಿದೆ. ಕೊನೆಗೆ ದೈವ ಮೈಮೇಲೆ ಬಂದಾಗ ಚಿಕ್ಕಮ್ಮ ಸೀಟಿನಲ್ಲೇ ಕೈ ಮುಗಿದರು. ಅಮ್ಮನ ಕಣ್ಣೂ ತುಂಬಿತ್ತು. ಆದರೆ ವಾಪಸು ಬರುವಾಗ ರಿಕ್ಷಾದಲ್ಲಿ ಅಮ್ಮ ಒಂದು ಮಾತು ಹೇಳಿದರು: "ಪಿಚ್ಚರ್ ಲಾಯ್ಕಿತ್ತ್. ಆರೆ ಹೆಂಗ್ಸ್ರ್ ಸೊಪ್ಪಿಗ್ ಹ್ವಾಪ್ದೇ ಕಾಣ್ಲಿಲ್ಲೆ ಅಲ್ದಾ?"

ನಾನು ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ಮೂರನೇ ಸಲ ಲ್ಯಾಪ್‌ಟಾಪಿನಲ್ಲಿ ಅಲ್ಲಲ್ಲಿ ನಿಲ್ಲಿಸಿ ನೋಡಿದ್ದು ಅದನ್ನೇ ಹುಡುಕಿಕೊಂಡು. ಸೊಪ್ಪು ಸೌದೆಯ ವಿಷಯ ಬರುವುದಿಲ್ಲ ಅಂತಲ್ಲ, ಬಂದ ಹಾಗೆ ಹೋಗುತ್ತದೆ. ಕ್ಯಾಮೆರಾ ನಿಲ್ಲುವುದು ಹಂದಿ ಬೇಟೆಯ ಮೇಲೆ, ಮರ ಉರುಳುವುದರ ಮೇಲೆ, ಕಂಬಳದ ಕೆಸರಿನ ಮೇಲೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾಕ್ಕೆ ನಾನು ಹೆಸರಿಡುವುದಿಲ್ಲ, ಅಜನೀಶ್ ಅವರ ಸಂಗೀತಕ್ಕಂತೂ ಇಲ್ಲವೇ ಇಲ್ಲ. ನನ್ನ ತಕರಾರು ಬೇರೆ. ಈ ಸಿನಿಮಾ "ಕಾಡು ಯಾರದ್ದು?" ಎಂದು ಗಟ್ಟಿಯಾಗಿ ಕೇಳುತ್ತದೆ. "ಆ ಕಾಡಿಂದ ಬಡವರ ಮನೆಗೆ ಬಂದದ್ದೆಷ್ಟು, ಯಾರ ಕೈಯಿಂದ ಬಂತು?" ಅಂತ ಮಾತ್ರ ಕೇಳುವುದಿಲ್ಲ. ಎರಡನೆಯದನ್ನು ಕೇಳದಿದ್ದರೆ ಮೊದಲನೆಯದಕ್ಕೆ ಸಿಗುವ ಉತ್ತರ ಬರೀ ಚಪ್ಪಾಳೆಗೆ ಆಯಿತು.

ಮೊದಲು ಸಿನಿಮಾದ ಕಾಲಗಣನೆ ನೋಡಿ. 1847ರಲ್ಲಿ ಒಬ್ಬ ಅರಸ ಮನಸ್ಸಿನ ನೆಮ್ಮದಿಗಾಗಿ ಪಂಜುರ್ಲಿಯ ಕಲ್ಲನ್ನು ಪಡೆದು, ಬದಲಿಗೆ ಕಾಡನ್ನು ಜನರಿಗೆ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶದವನು ವಾಪಸು ಕೇಳುತ್ತಾನೆ. 1990ರಲ್ಲಿ ಅರಣ್ಯ ಅಧಿಕಾರಿ ಮುರಳಿ ಬೇಲಿ ಹಾಕಿಸಲು ಬರುತ್ತಾನೆ. ಕಥೆಗೆ ಇದು ಸಾಕು. ಆದರೆ ನಮ್ಮ ಊರಿನ ಚರಿತ್ರೆ ಗೊತ್ತಿದ್ದವರಿಗೆ ಎರಡು ಕಡೆ ಕಾಲಿಗೆ ಕಲ್ಲು ತಾಗುತ್ತದೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. 1847ರ ಹೊತ್ತಿಗೆ ಇಲ್ಲಿ ಕಾಡು ಕೊಡುವ, ಕಸಿದುಕೊಳ್ಳುವ ಅಧಿಕಾರ ಇದ್ದದ್ದು ಅರಸನಿಗಲ್ಲ, ಕಲೆಕ್ಟರನಿಗೆ. 1856ರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಮದ್ರಾಸ್ ಪ್ರೆಸಿಡೆನ್ಸಿಯ ಅರಣ್ಯ ಸಂರಕ್ಷಣಾಧಿಕಾರಿಯಾದ. ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ರಾಗಿ-ಭತ್ತ ಬೆಳೆದು ಮುಂದಕ್ಕೆ ಹೋಗುವ ಕುಮರಿ ಬೇಸಾಯ ಅವನ ಕಣ್ಣಿಗೆ ದೊಡ್ಡ ಪಾಪ. 1860ರಲ್ಲಿ ಪ್ರೆಸಿಡೆನ್ಸಿಯಲ್ಲಿ ಕುಮರಿ ನಿಂತಿತು. ಆವತ್ತು ಹೊಟ್ಟೆಗೆ ಹೊಡೆತ ಬಿದ್ದದ್ದು ಯಾರಿಗೆ? ನಮ್ಮ ಕಡೆಯ ಕುಡುಬಿಯರಿಗೆ. ಅವರ ಕಸುಬು ಎರಡೇ, ಒಂದು ಕುಮರಿ, ಇನ್ನೊಂದು ಕಾಚಿನ ಮರದ ಚಕ್ಕೆ ಬೇಯಿಸಿ ಕಾಚು ತೆಗೆಯುವುದು. ಎರಡಕ್ಕೂ ಕಾಡೇ ಬೇಕು. ಇವತ್ತು ಕುಂದಾಪುರ, ಬ್ರಹ್ಮಾವರ ಕಡೆ ಕುಡುಬಿಯರ ಹೋಳಿ ಕುಣಿತದ ಫೋಟೋ ಎಲ್ಲರೂ ಹಾಕ್ತಾರೆ, ಗುಮಟೆ ಶಬ್ದಕ್ಕೆ ಲೈಕೂ ಬೀಳುತ್ತದೆ. ಅವರ ಅಜ್ಜಂದಿರ ಕಸುಬನ್ನು ಒಂದು ಸರ್ಕಾರಿ ಆದೇಶ ಮುಗಿಸಿತು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ಕಲ್ಲು 1970 ಮತ್ತು 1990ರ ನಡುವೆ ಇದೆ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ಅಲ್ಲಿ ಬರುತ್ತದೆ, ಸಿನಿಮಾ ಅದನ್ನು ಹಾರಿಕೊಂಡು ಹೋಗುತ್ತದೆ. ನಮ್ಮ ಮೂರು ತಾಲೂಕಿನಲ್ಲಿ (ಆಗ ಒಂದು ಕುಂದಾಪುರ, ಒಂದು ಉಡುಪಿ; ಬೈಂದೂರು, ಬ್ರಹ್ಮಾವರ ಬೇರೆಯಾದದ್ದು ಈಚೆಗೆ) "ಡಿಕ್ಲರೇಷನ್" ಅನ್ನುವ ಇಂಗ್ಲಿಷ್ ಶಬ್ದ ಗೊತ್ತಿಲ್ಲದ ಮನೆ ಇರಲಿಲ್ಲ. ನಮ್ಮ ಮನೆ ಅಡಿಯ ಅರುವತ್ತು ಸೆಂಟ್ಸೂ ಡಿಕ್ಲರೇಷನ್ನಿನದ್ದೇ. ಗೇಣಿ ಒಕ್ಕಲಾಗಿದ್ದವರಿಗೆ ಗದ್ದೆ ಬಂತು. ಆದರೆ ಗೇಣಿ ಚೀಟಿಯೇ ಇಲ್ಲದೆ, ಹಾಡಿ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು, ಒಡೆಯರ ಗದ್ದೆಯಲ್ಲಿ ಕೂಲಿ, ಉಳಿದ ದಿನ ಕಾಡು ಅಂತ ಬದುಕಿದವರಿಗೆ ಏನೂ ಬರಲಿಲ್ಲ. ಕೋಟದ ಶಿವರಾಮ ಕಾರಂತರು 1933ರಲ್ಲೇ ಚೋಮನ ದುಡಿಯಲ್ಲಿ ಭೂಮಿ ಕೇಳಿದವನ ಕಥೆ ಬರೆದರು, ಆಮೇಲೆ ಕುಡಿಯರ ಕೂಸು ಬರೆದು ಮಲೆಯೊಳಗಿನ ಬದುಕಿಗೂ ಹೋದರು. ಈ ವಿಷಯ ನಮ್ಮ ಸಾಹಿತ್ಯಕ್ಕೆ ಹೊಸತಲ್ಲ.

ಹಾಗಾಗಿ 1990ರ ಕಥೆಯಲ್ಲಿ ಊರಿನ ಬಡವರ ದೊಡ್ಡ ಶತ್ರು ದಣಿ ದೇವೇಂದ್ರ ಎಂದು ತೀರ್ಮಾನವಾದಾಗ ನನಗೆ ಸ್ವಲ್ಪ ಕಸಿವಿಸಿ ಆಯಿತು. ಅಚ್ಯುತ್ ಕುಮಾರ್ ಆ ಪಾತ್ರವನ್ನು ಎಷ್ಟು ಚಂದ ಮಾಡಿದ್ದಾರೆ ಅಂದರೆ ಎಲ್ಲ ಸಿಟ್ಟೂ ಅವರ ಮೇಲೆಯೇ ಹೋಗುತ್ತದೆ. ಇಂಟರ್ವಲ್ ತನಕ ಜಗಳ ಇದ್ದದ್ದು ಬೇಲಿಯ ಮೇಲೆ. ಆಮೇಲೆ ದಣಿಯ ಮೋಸ ಬಯಲಾಗಿ ಅಧಿಕಾರಿ ಮತ್ತು ಊರವರು ಒಂದಾಗುತ್ತಾರೆ, ಕೊನೆಯಲ್ಲಿ ದೈವವೇ ಅವರ ಕೈ ಕೈ ಸೇರಿಸುತ್ತದೆ. ಆ ದೃಶ್ಯಕ್ಕೆ ಮೈ ಜುಂ ಅಂದದ್ದು ನಿಜ. ಆದರೆ ಬೇಲಿ ಎಂತ ಆಯ್ತು? ಮಾರನೇ ದಿನ ಸರ್ವೆಯವನು ಬಂದರೆ ಗಡಿಕಲ್ಲು ಎಲ್ಲಿ ಹಾಕುತ್ತಾನೆ? ಕೈ ಸೇರಿಸಿದ ಮೇಲೂ ಸೌದೆ ಹೊತ್ತವಳ ಕತ್ತಿ ಕಸಿಯಬಹುದಲ್ಲ?

ಕತ್ತಿ ಕಸಿದದ್ದು ನನಗೆ ಗೊತ್ತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಒಂದು ದಿನ ಬರೀ ಕೈಯಲ್ಲಿ ಬಂದಿದ್ದರು. ಸೊಪ್ಪಿನ ಹೊರೆಯೂ ಇಲ್ಲ, ಕತ್ತಿಯೂ ಇಲ್ಲ. ಯಾರೋ ಒಬ್ಬ ಗಾರ್ಡು ತಗೊಂಡಿದ್ದ. ಅಮ್ಮನಿಗೆ ಬೇಜಾರು ಸೊಪ್ಪಿಗಲ್ಲ, ಕತ್ತಿಗೆ. ಅದು ಅಜ್ಜನ ಕಾಲದ್ದು, ಹಿಡಿ ಕೈಗೆ ಕೂತಿತ್ತು.

ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಸೊಪ್ಪು ಅಂದರೆ ಪಾಲಕ್, ಮೆಂತೆ. ನಮ್ಮಲ್ಲಿ ಸೊಪ್ಪು ಅಂದರೆ ಹಟ್ಟಿಗೆ ಹಾಕುವ ಹಸಿ ಎಲೆ. ದನದ ಕಾಲಡಿ ತುಳಿದು, ಸಗಣಿ ಗಂಜಲ ಸೇರಿ, ಅದೇ ಗೊಬ್ಬರವಾಗಿ ಗದ್ದೆಗೆ ಹೋಗಬೇಕು. ಒಂದು ಎಕರೆ ಗದ್ದೆಯ ಹಿಂದೆ ಎಷ್ಟೋ ಎಕರೆ ಹಾಡಿ ನಿಂತಿರುತ್ತಿತ್ತು. ಇದು ಬ್ರಿಟಿಷರಿಗೂ ಗೊತ್ತಿತ್ತು, ಅದಕ್ಕೇ ದಕ್ಷಿಣ ಕನ್ನಡದಲ್ಲಿ ಕುಮ್ಕಿ ಹಕ್ಕು ಅಂತ ಒಪ್ಪಿಕೊಂಡರು. ಹಳೇ ವರ್ಗ ಜಾಗದಿಂದ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯಬಹುದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಸೆಕ್ಷನ್ ಕೂಡ ಅದನ್ನು ಉಳಿಸಿಕೊಂಡಿದೆ. ಒಳ್ಳೆಯದೇ. ಆದರೆ ಗಮನಿಸಿ, ಈ ಹಕ್ಕು ಜಾಗಕ್ಕೆ ಅಂಟಿಕೊಂಡದ್ದು. ವರ್ಗ ಇದ್ದವನಿಗೆ ಕುಮ್ಕಿ. ಜಾಗವೇ ಇಲ್ಲದವಳು ಅದೇ ಮರದ ಅದೇ ಸೊಪ್ಪು ತಂದರೆ ಕಳ್ಳತನ. ಕಾಡಿನ ಅವಲಂಬನೆ ಯಾರಿಗೆ ಹೆಚ್ಚೋ ಅವರಿಗೆ ಹಕ್ಕು ಕಡಿಮೆ. ನಾನು ಡೇಟಾಬೇಸ್ ಜೊತೆ ಕೆಲಸ ಮಾಡುವವನು, ಹಾಗಾಗಿ ಪಹಣಿ ಕಂಡರೆ ಕಾಲಂ ನೋಡುವ ಚಟ. ಒಡೆಯನಿಗೆ ಕಾಲಂ ಇದೆ, ಸಾಗುವಳಿದಾರನಿಗೆ ಇದೆ, ಬೆಳೆಗೆ ಇದೆ, ಸಾಲಕ್ಕೂ ಇದೆ. ಸೊಪ್ಪು ತಂದವಳಿಗೆ ಇಲ್ಲ. ಕಾಲಂ ಇಲ್ಲದ್ದನ್ನು ಸಾಫ್ಟ್‌ವೇರ್ ಎಂದೂ ಕೇಳುವುದಿಲ್ಲ, ಸರ್ಕಾರವೂ ಅಷ್ಟೇ.

ಈಗ ಸಿನಿಮಾದಲ್ಲಿ ನನಗೆ ಬಹಳ ಇಷ್ಟವಾದ, ಆದರೆ ಅರ್ಧಕ್ಕೇ ಬಿಟ್ಟುಹೋದ ಎಳೆಗೆ ಬರ್ತೇನೆ: ಲೀಲಾ. ಸಪ್ತಮಿ ಗೌಡ ಮಾಡಿದ ಈ ಹುಡುಗಿ ಊರಿನವಳೇ, ತರಬೇತಿ ಮುಗಿಸಿ ಫಾರೆಸ್ಟ್ ಗಾರ್ಡ್ ಆಗಿ ತನ್ನೂರಿಗೇ ಬರುತ್ತಾಳೆ. ಇಡೀ ಸಿನಿಮಾದಲ್ಲಿ ಒಂದು ಬಡವರ ಮನೆಗೆ ಕಾಡಿನ ಲೆಕ್ಕದಲ್ಲಿ ತಿಂಗಳು ತಿಂಗಳು ದುಡ್ಡು ಬರುವುದು ಇದೊಂದೇ ದಾರಿಯಲ್ಲಿ. ಆ ಸಂಬಳಕ್ಕೆ ಅವಳು ಮಾಡಬೇಕಾದ ಕೆಲಸ ಏನು? ತನ್ನವರ ಮನೆ ಬಾಗಿಲಿಗೆ ಬೇಲಿ. ಅರಣ್ಯ ಇಲಾಖೆಯ ಯೋಜನೆಗಳಿಂದ ಹಳ್ಳಿಯ ಬಡತನ ಕಡಿಮೆಯಾಗುತ್ತದೆ ಅನ್ನುವವರಿಗೂ, ಆಗುವುದಿಲ್ಲ ಅನ್ನುವವರಿಗೂ ಉತ್ತರ ಆ ಒಂದು ಪಾತ್ರದೊಳಗಿತ್ತು. ಅವಳು ಮನೆಗೆ ಬಂದಾಗ ಅಮ್ಮನ ಮುಖ ಹೇಗಿತ್ತು, ಸಂಬಳದಲ್ಲಿ ಅಕ್ಕಿ ತಂದಳೋ, ಪಕ್ಕದ ಮನೆಯವಳು ಅವಳ ಕೈಯಿಂದ ನೀರು ಕುಡಿದಳೋ, ಇದನ್ನೆಲ್ಲ ನೋಡಬೇಕಿತ್ತು ನಮಗೆ. ಸಿನಿಮಾ ಅವಳನ್ನು ಬೇಗ ಪ್ರೇಮಕ್ಕೆ ತಂದು ನಿಲ್ಲಿಸಿತು. ಶಿವನ ಚೇಷ್ಟೆಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಹೋಗಲ್ಲ. ಲೀಲಾಳ ಯೂನಿಫಾರ್ಮನ್ನು ವ್ಯರ್ಥ ಮಾಡಿದರು, ಅಷ್ಟೇ ನನ್ನ ಬೇಜಾರು.

ಅಮ್ಮನೂ ಕಾಡಿನ ಸಂಬಳ ತಿಂದವರೇ, ಲೀಲಾಳಿಗಿಂತ ಕೆಳಗಿನ ಮೆಟ್ಟಿಲಲ್ಲಿ. ಬೇಸಿಗೆಯಲ್ಲಿ ನರ್ಸರಿಗೆ ಹೋಗಿ ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬುವ ಕೆಲಸ. ತೊಟ್ಟೆಯಲ್ಲಿ ಬೆಳೆದದ್ದು ಹೆಚ್ಚಾಗಿ ಅಕೇಶಿಯಾ. ಮಳೆ ಹಿಡಿದ ಮೇಲೆ ಅದೇ ಗಿಡ ನಮ್ಮ ಹಕ್ಕಲಿಗೆ ಬಂದು ಕೂತಿತು. ಅಕೇಶಿಯಾದ ಸೊಪ್ಪನ್ನು ದನ ಮೂಸಿಯೂ ನೋಡುವುದಿಲ್ಲ, ಹಟ್ಟಿಗೆ ಹಾಕಿದರೆ ಕೊಳೆಯುವುದು ತಡ. ಮರ ಬೆಳೆದ ಮೇಲೆ ಲಾರಿ ಹತ್ತಿ ಪೇಪರ್ ಮಿಲ್ಲಿಗೋ ಡಿಪೋಗೋ ಹೋಗುತ್ತದೆ. ಅಂದರೆ ಅಮ್ಮ ತನ್ನ ಸೊಪ್ಪಿನ ಹಾಡಿಯನ್ನು ತಾನೇ ಕೂಲಿಗೆ ಮುಗಿಸಿದರು. ಕೂಲಿ ಬೇಕಾಗಿತ್ತು, ನನ್ನ ಯೂನಿಫಾರ್ಮಿಗೆ ಬಂದದ್ದು ಅದೇ ದುಡ್ಡು. ಹಾಗಾಗಿ ಅರಣ್ಯೀಕರಣದಿಂದ ಉಪಯೋಗವೇ ಇಲ್ಲ ಅಂತ ಹೇಳುವ ಬಾಯಿ ನನಗಿಲ್ಲ. ಗುಂಡಿ ತೋಡುವುದು, ತೊಟ್ಟೆ ತುಂಬುವುದು, ಬೆಂಕಿ ರೇಖೆ ತೆಗೆಯುವುದು ಇವೆಲ್ಲ ಆ ವರ್ಷದ ಹಸಿವಿಗೆ ಔಷಧ. ಮುಂದಿನ ವರ್ಷಕ್ಕೆ ಅದು ಆಸ್ತಿಯಾಗುವುದಿಲ್ಲ, ಯಾಕಂದರೆ ಬೆಳೆದ ಮರದಲ್ಲಿ ಪಾಲಿಲ್ಲ. ಪಾಲು ಕೊಡುತ್ತೇವೆ ಅಂತ 1993ರಲ್ಲಿ ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆ ಬಂತು, ಗ್ರಾಮ ಅರಣ್ಯ ಸಮಿತಿಗಳಾದವು. ಯೋಜನೆಯ ದುಡ್ಡು ಇದ್ದಷ್ಟು ದಿನ ಮೀಟಿಂಗಿಗೆ ಚಾ, ಬಿಸ್ಕೆಟ್ ಇತ್ತು. ಸಮಿತಿಯ ಕಾರ್ಯದರ್ಶಿ ಇಲಾಖೆಯವರೇ. ಪಾಲು ಅಂದರೆ ಅವರು ಕೊಟ್ಟಷ್ಟು, ಕೊಟ್ಟಾಗ.

ಮಳೆಗಾಲದ ಕಥೆ ಉಪ್ಪಾಗೆಯದ್ದು. ಘಟ್ಟದ ಬುಡದ ಕಾಡಿನಲ್ಲಿ ಜೂನ್‌ನಿಂದ ಆಗಸ್ಟ್ ತನಕ ಹಣ್ಣಾಗಿ ಬೀಳುತ್ತದೆ. ಸಿಪ್ಪೆ ಒಣಗಿಸಿದರೆ ಕಪ್ಪು ಹುಳಿ, ಬೀಜದಿಂದ ತುಪ್ಪ. ತೊಂಬತ್ತರ ದಶಕದಲ್ಲಿ ಇದಕ್ಕೆ ಇದ್ದಕ್ಕಿದ್ದಂತೆ ರೇಟು ಬಂತು. ವ್ಯಾಪಾರಿಗಳು ಮನೆ ಬಾಗಿಲಿಗೇ ಬಂದರು. ಯಾಕೆ ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಅಮೆರಿಕದಿಂದ ಬಂದ ಸಹೋದ್ಯೋಗಿಯ ಮೇಜಿನ ಮೇಲೆ ಗಾರ್ಸೀನಿಯಾ ಅಂತ ಬರೆದ ಮಾತ್ರೆ ಡಬ್ಬಿ ಕಂಡಾಗ ಗೊತ್ತಾಯಿತು. ಅದರ ಸಿಪ್ಪೆಯ ಒಂದು ಆಮ್ಲ ಬೊಜ್ಜು ಕರಗಿಸುತ್ತದೆ ಅಂತ ಅಲ್ಲಿ ಪ್ರಚಾರ. 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂದ ಒಂದು ಪರೀಕ್ಷೆಯಲ್ಲಿ, ಆ ಮಾತ್ರೆ ತಿಂದವರಿಗೂ ಸುಮ್ಮನೆ ಹುಸಿ ಮಾತ್ರೆ ತಿಂದವರಿಗೂ ತೂಕ ಇಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲೋ ಕೂತವರ ಬೊಜ್ಜಿನ ಮೇಲೆ ನಮ್ಮ ಮನೆಯ ಶಾಲೆ ಫೀಸು ನಿಂತಿತ್ತು ಮಾರ್ರೆ.

ರೇಟು ಬಂದ ವರ್ಷಗಳಲ್ಲಿ ನಮ್ಮವರು ಮಾಡಿದ್ದನ್ನೂ ಹೇಳಬೇಕು. ಹಣ್ಣಾಗುವ ಮೊದಲೇ ಕೊಯ್ದರು. ಹತ್ತಲು ಆಗದ ಕಡೆ ಕೊಂಬೆಯನ್ನೇ ಕಡಿದರು. ಮಳೆಯಲ್ಲಿ ಒಣಗಿಸಲು ಬೆಂಕಿ ಬೇಕು, ಆ ಬೆಂಕಿಗೆ ಅದೇ ಕಾಡಿನ ಸೌದೆ ಹೋಯಿತು. "ನೋಡಿದ್ಯಾ, ಜನರ ಕೈಗೆ ಕೊಟ್ರೆ ಹೀಗೇ" ಅಂತ ನನ್ನ ಒಬ್ಬ ಗೆಳೆಯ, ಹಕ್ಕಿ ಫೋಟೋ ತೆಗೆಯುವವನು, ಈಗಲೂ ವಾದ ಮಾಡ್ತಾನೆ. ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳು 1974ರಲ್ಲಿ ಆಗದೇ ಇದ್ದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ ಅನ್ನುತ್ತಾನೆ. ಅವನ ಮಾತಿನಲ್ಲಿ ಅರ್ಧ ನಿಜ ಇದೆ. ಆದರೆ ಕೈಗೆ ಕೊಟ್ಟದ್ದು ಯಾವಾಗ? ಕಾಡುತ್ಪತ್ತಿ ಸಂಗ್ರಹದ ಹಕ್ಕು ಹೋಗುತ್ತಿದ್ದದ್ದು ಟೆಂಡರಿನಲ್ಲಿ, ಗುತ್ತಿಗೆದಾರನಿಗೆ. ಕೊಯ್ಯುವವರಿಗೆ ಕಿಲೋ ಲೆಕ್ಕ. ನಾನು ಇವತ್ತು ಬಿಟ್ಟ ಕಾಯನ್ನು ನಾಳೆ ಇನ್ನೊಬ್ಬ ಕೊಯ್ಯುತ್ತಾನೆ, ಮುಂದಿನ ವರ್ಷ ಆ ಮರ ನನ್ನದು ಅನ್ನುವ ಭರವಸೆ ಇಲ್ಲ. ಆಗ ಕಾಯುವವನು ದಡ್ಡ. ನಮ್ಮ ಮನೆ ಹಿತ್ತಲಿನ ಮುರುಗಲು ಮರದ ಕೊಂಬೆಯನ್ನು ಯಾರೂ ಕಡಿಯಲಿಲ್ಲವಲ್ಲ.

ಕೊರಗರ ಬೆತ್ತದ ಕಥೆಯೂ ಇದರ ತಮ್ಮನೇ. ಬುಟ್ಟಿ ಹೆಣೆಯುವ ಕೈಗೆ ಬೆತ್ತ, ಬೀಳು ಬೇಕು, ಅದು ಕಾಡಿನೊಳಗಿದೆ, ಒಳಗೆ ಹೋದರೆ ಕೇಸು. ಇತ್ತ ಪೇಟೆಗೆ ಪ್ಲಾಸ್ಟಿಕ್ ಬುಟ್ಟಿ ಬಂತು.

ಜನರ ಕೈಗೆ ನಿಜವಾಗಿ ಕೊಟ್ಟ ಉದಾಹರಣೆ ಬೇಕಿದ್ದರೆ ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ-ಲೇಖಾ ನೋಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2009ರಲ್ಲಿ ಅವರಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು, 2011ರಲ್ಲಿ ಬಿದಿರು ಸಾಗಣೆಯ ಪಾಸ್ ಪುಸ್ತಕ ಗ್ರಾಮಸಭೆಯ ಕೈಗೇ ಬಂತು. ಅದೇ ವರ್ಷ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ 25 ಸೋಲಿಗ ಗ್ರಾಮಸಭೆಗಳಿಗೆ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಎಲ್ಲವೂ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಜನ ಕೂಲಿಯೂ ಅಲ್ಲ, ಕಳ್ಳರೂ ಅಲ್ಲ, ಮಾರುವವರು. ಅರಣ್ಯದಿಂದ ಬಡತನ ಇಳಿಯುವುದಾದರೆ ಈ ಜಾಗದಲ್ಲಿ ಇಳಿಯುತ್ತದೆ, ತೊಟ್ಟೆ ತುಂಬುವ ಜಾಗದಲ್ಲಲ್ಲ.

ನಮ್ಮ ಕಡೆ ಹಾಗಾಗಲಿಲ್ಲ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದದ್ದನ್ನು ತೋರಿಸಬೇಕು. ಅಕ್ಷರವೇ ಗೊತ್ತಿಲ್ಲದ ಅಜ್ಜನ ದಾಖಲೆ ಎಲ್ಲಿಂದ ತರುವುದು? ಕರ್ನಾಟಕದಲ್ಲಿ ಅರ್ಜಿಗಳಲ್ಲಿ ಬಹುಪಾಲು ತಿರಸ್ಕಾರವಾದವು. ಇದರ ಮೇಲೆ ಡೀಮ್ಡ್ ಫಾರೆಸ್ಟ್ ಬೇರೆ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ನಂತರ ಪಟ್ಟಿ ಮಾಡಿದ ಸುಮಾರು 9.94 ಲಕ್ಷ ಹೆಕ್ಟೇರನ್ನು ರಾಜ್ಯ ಸರ್ಕಾರ 2022ರ ಮೇ ತಿಂಗಳಲ್ಲಿ ಸುಮಾರು 3.3 ಲಕ್ಷಕ್ಕೆ ಇಳಿಸಿತು. ಸೆಪ್ಟೆಂಬರ್ 30ಕ್ಕೆ ಕಾಂತಾರ ಬಂತು. ಮೇ ತಿಂಗಳ ಸುದ್ದಿಯನ್ನು ಬೆಂಗಳೂರಿನಲ್ಲಿ ಯಾರೂ ಮಾತಾಡಲಿಲ್ಲ, ಅಕ್ಟೋಬರಿನಲ್ಲಿ ಎಲ್ಲರೂ ಕಾಡಿನ ಬಗ್ಗೆ ಮಾತಾಡಿದರು. ಸಿನಿಮಾದ ಬಲ ಎಷ್ಟು ಅಂದರೆ, ಬಿಡುಗಡೆಯಾದ ತಿಂಗಳೊಳಗೆ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಸಂತೋಷ. ಅದೇ ಸಿನಿಮಾದ ಅರ್ಧ ಕಥೆ ಕಾಡಿನ ಹಕ್ಕಿನದ್ದಾಗಿತ್ತು, ಅದರ ಬಗ್ಗೆ ಯಾವ ಘೋಷಣೆಯೂ ಬರಲಿಲ್ಲ. ನೋಡಿದವರು ಅದನ್ನು ಕೇಳಲೂ ಇಲ್ಲ. ಕೇಳುವ ಹಾಗೆ ಸಿನಿಮಾ ಬಿಡಲಿಲ್ಲ ಅನ್ನುವುದೇ ನನ್ನ ದೂರು. ದೈವ ಬಂದು ಮುಗಿಸಿದ ಮೇಲೆ ಪ್ರೇಕ್ಷಕನಿಗೆ ಉಳಿದ ಕೆಲಸ ಏನು?

"ಅದು ಸಿನಿಮಾ ಮಾರಾಯ, ಸರ್ವೆ ರಿಪೋರ್ಟ್ ಅಲ್ಲ" ಅಂತ ನೀವು ಹೇಳಬಹುದು. ಒಪ್ಪಿದೆ. ಆದರೆ ತಮಾಷೆ ಅಂದರೆ, ಕಥೆಯ ಅತ್ಯಂತ ಸಿನಿಮೀಯ ವಸ್ತುವೇ ನಿಜವಾದ ಕಾನೂನಿಗೆ ಬಹಳ ಹತ್ತಿರ ಇದೆ. ಅರಣ್ಯ ಹಕ್ಕು ನಿಯಮಗಳಲ್ಲಿ ಯಾವುದನ್ನು ಸಾಕ್ಷ್ಯ ಅಂತ ತೋರಿಸಬಹುದು ಅನ್ನುವ ಪಟ್ಟಿ ಇದೆ. ಅದರಲ್ಲಿ ಹಳೇ ಬಾವಿ ಇದೆ, ಸ್ಮಶಾನ ಇದೆ, ಹಿರಿಯರು ಹೇಳಿ ಬರೆಸಿದ ಹೇಳಿಕೆ ಇದೆ. ಪವಿತ್ರ ಸ್ಥಳಗಳೂ ಇವೆ. ಅಂದರೆ ಹಾಡಿಯೊಳಗಿನ ಪಂಜುರ್ಲಿಯ ಕಲ್ಲು ಭಕ್ತಿಗೆ ಮಾತ್ರ ಅಲ್ಲ, ಕಡತಕ್ಕೂ ಬರುತ್ತದೆ. 1990ರಲ್ಲಿ ನಡೆಯುವ ಕಥೆಗೆ 2006ರ ಕಾನೂನು ಗೊತ್ತಿರಲು ಸಾಧ್ಯವಿಲ್ಲ, 2022ರಲ್ಲಿ ಮಾಡಿದವರಿಗೆ ಗೊತ್ತಿರಬಹುದಿತ್ತು.

ಕಳೆದ ಚೌತಿಗೆ ಊರಿಗೆ ಹೋಗುವಾಗ ಸಾಮುದಾಯಿಕ ಹಕ್ಕಿನ ಅರ್ಜಿ, ನಮೂನೆ ಬಿ, ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಜಗಲಿಯಲ್ಲಿ ಕೂತು ಓದಿ ಹೇಳಿದೆ. ಗ್ರಾಮಸಭೆ ಅರಣ್ಯ ಹಕ್ಕು ಸಮಿತಿ ಮಾಡಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಅಂದೆ. ಗಂಡಸರು ಪಂಚಾಯ್ತಿ, ಪಾರ್ಟಿ ಅಂತ ಮಾತು ಬೇರೆ ಕಡೆ ತಗೊಂಡು ಹೋದರು. ಚಿಕ್ಕಮ್ಮ ಮಾತ್ರ ಕಾಗದ ಕೈಗೆ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಾವ ಯಾವ ಗುಡ್ಡೆಯಲ್ಲಿ ಎಂತ ಸಿಗುತ್ತದೆ ಅಂತ ಬರೆಯಬೇಕಾ ಅಂತ ಕೇಳಿದರು. ಹೌದು ಅಂದೆ.

"ಹಂಗಾರೆ ಬರ್ಕೋ," ಅಂದರು. ಆ ಸಂಜೆ ಚಿಕ್ಕಮ್ಮ ಹೇಳುತ್ತಾ ಹೋದರು, ಅಮ್ಮ ನಡುವೆ ನಡುವೆ ತಿದ್ದಿದರು. ಉಪ್ಪಾಗೆ, ಮುರುಗಲು, ರಾಮಪತ್ರೆ, ಸೀಗೆಕಾಯಿ, ಅಂಟುವಾಳ, ಜೇನು, ಹಾಲ್ಮಡ್ಡಿ, ಹಿಡಿಸೂಡಿ ಕಡ್ಡಿ, ದನಕ್ಕೆ ಹುಲ್ಲು, ಹಟ್ಟಿಗೆ ಸೊಪ್ಪು. ಎರಡು ಪುಟ ಆಯಿತು. ಮೂರನೇ ಪುಟಕ್ಕೆ ಬರುವಾಗ ಕರೆಂಟ್ ಹೋಯಿತು.